ನಾಲ್ಕು ಹನಿ ಬಿದ್ದೊಡನೆ ಬೋರ್‌ವೆಲ್ ನೀರು ಬೆಳ್ಳಗಾದರೆ ಅದರಲ್ಲಿ ಸೀಸ ಇದೆಯೇ?

ಸಾವನದುರ್ಗದ ತಪ್ಪಲಿನ ಹಳ್ಳಿಯೊಂದರಿಂದ ಓದುಗರೊಬ್ಬರು ನಮಗೆ ಒಂದು ವಿಡಿಯೋ ಕಳಿಸಿದ್ದಾರೆ. ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಫಿಲ್ಟರ್ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು. ನೋಡಲು ಎರಡೂ ತಿಳಿಯಾಗಿವೆ. ಪುಟ್ಟ ಬಾಟಲಿಯಿಂದ 'ಟೆಸ್ಟಿಂಗ್ ಲಿಕ್ವಿಡ್' ಎರಡಕ್ಕೂ ನಾಲ್ಕು ನಾಲ್ಕು ಹನಿ ಬೀಳುತ್ತದೆ. ಫಿಲ್ಟರ್ ನೀರು ಹಾಗೇ ಇರುತ್ತದೆ, ಬೋರ್‌ವೆಲ್ ನೀರು ತೆಳು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. "ನೋಡಿ, ಇದೇ ಸೀಸ. ನಿಮ್ಮ ಮಕ್ಕಳು ದಿನಾ ಕುಡಿಯುತ್ತಿರುವುದು ಇದನ್ನೇ" ಎನ್ನುತ್ತದೆ ಹಿನ್ನೆಲೆಯ ದನಿ. ಕೊನೆಗೊಂದು ಪರಿಹಾರವೂ ಇದೆ: ರಾತ್ರಿ ಬಿಂದಿಗೆಗೆ ಒಂದು ಹಿಡಿ ಕಲ್ಲುಪ್ಪು ಹಾಕಿಡಿ, ಸೀಸವೆಲ್ಲ ತಳಕ್ಕೆ ಕೂರುತ್ತದೆ, ಬೆಳಗ್ಗೆ ಮೇಲಿನ ನೀರನ್ನು ಬಸಿದುಕೊಂಡು ಕುಡಿಯಿರಿ.

"ಮನೆಯಲ್ಲಿ ಎರಡು ದಿನದಿಂದ ಹಾಗೇ ಮಾಡುತ್ತಿದ್ದಾರೆ, ಸರಿಯೇ?" ಎಂಬುದು ಅವರ ಪ್ರಶ್ನೆ.

ಸರಿಯಲ್ಲ, ಉಪ್ಪು ಹಾಕುವುದನ್ನು ಇವತ್ತೇ ನಿಲ್ಲಿಸಿ. ಬೆಳ್ಳಗಾಗಿದ್ದು ಸೀಸವಲ್ಲ. ಉಪ್ಪು ಹಾಕಿದರೆ ಸೀಸ ಕೂರುವುದೂ ಇಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು. ಗುಣಾಕಾರ ಬಂದರೆ ಸಾಕು.

ಆ ಬಾಟಲಿಯಲ್ಲಿ ಏನಿದೆ?

ವಿಡಿಯೋದಲ್ಲಿ ಬಾಟಲಿಯ ಹೆಸರು ಕಾಣದಂತೆ ಹಿಡಿದಿದ್ದಾರೆ. ಆದರೆ ಒಂದು ಸುಳಿವು ಸಿಕ್ಕಿತು. ಕೊನೆಯಲ್ಲಿ ಆ ಬಿಳಿ ನೀರು ನಿಧಾನವಾಗಿ ನೇರಳೆ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ. "ವಿಷ ಕಪ್ಪಾಗುತ್ತಿದೆ" ಎಂದು ಹೆದರಿಸಲು ಅದನ್ನೂ ಬಳಸಿಕೊಂಡಿದ್ದಾರೆ. ಬೆಳಕಿಗೆ ಹೀಗೆ ಕಪ್ಪಾಗುವುದು ಸಿಲ್ವರ್ ಕ್ಲೋರೈಡ್‌ನ ಗುಣ. ಬೆಳ್ಳಿಯ ಲವಣಗಳ ಈ ಗುಣದಿಂದಲೇ ಹಳೆಯ ಕಾಲದ ಫೋಟೋ ಫಿಲ್ಮ್ ಕೆಲಸ ಮಾಡುತ್ತಿತ್ತು. ಹಾಗಾಗಿ ಬಾಟಲಿಯಲ್ಲಿರುವುದು ಸಿಲ್ವರ್ ನೈಟ್ರೇಟ್ ಎಂಬುದರಲ್ಲಿ ನಮಗೆ ಅನುಮಾನ ಉಳಿದಿಲ್ಲ. ಅದರಲ್ಲಿರುವ ಬೆಳ್ಳಿ ನೀರಿನಲ್ಲಿರುವ ಕ್ಲೋರೈಡ್ ಜೊತೆ ಸೇರಿ ಬಿಳಿ ಪುಡಿಯಾಗುತ್ತದೆ. ಕ್ಲೋರೈಡ್ ಅಂದರೆ ಅಡುಗೆ ಉಪ್ಪಿನ ಅರ್ಧಭಾಗ. ನೆಲದೊಳಗಿನ ನೀರಿನಲ್ಲಿ ಅದು ಸಹಜವಾಗಿಯೇ ಇರುತ್ತದೆ.

ನಾವೂ ಮಾಡಿ ನೋಡಿದೆವು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಹನಿ ಬಿಟ್ಟರೆ ಏನೂ ಆಗಲಿಲ್ಲ. ಅದೇ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಹನಿ ಬಿಟ್ಟರೆ ವಿಡಿಯೋದಲ್ಲಿ ಕಂಡದ್ದಕ್ಕಿಂತ ಗಟ್ಟಿಯಾದ ಬಿಳುಪು. ಎಳನೀರಿಗೆ ಹಾಕಿದರೂ ಬೆಳ್ಳಗಾಗುತ್ತದೆ, ಬಸ್ಸಾರಿನ ಕಟ್ಟಿಗೆ ಹಾಕಿದರೂ ಆಗುತ್ತದೆ. ನೀವು ಮಾತ್ರ ಇದನ್ನು ಮನೆಯಲ್ಲಿ ಮಾಡಬೇಡಿ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ, ಕಣ್ಣಿಗೆ ಬಿದ್ದರೆ ಅಪಾಯ.

ಸಂತೆಯ ಜನ ಮತ್ತು ಗುಣಾಕಾರ

ನೀರಿನಲ್ಲಿ ಎರಡು ಬಗೆಯ ಕಣಗಳು ಓಡಾಡುತ್ತಿವೆ ಎಂದುಕೊಳ್ಳಿ, ಬೆಳ್ಳಿ ಮತ್ತು ಕ್ಲೋರೈಡ್. ಮಾಗಡಿ ಸಂತೆಯಲ್ಲಿ ಎರಡು ಊರಿನ ಜನ ಸೇರಿದಂತೆ. ಎರಡೂ ಕಡೆಯವರು ಕಡಿಮೆ ಇದ್ದರೆ ಮುಖಾಮುಖಿಯಾಗುವುದೇ ಅಪರೂಪ. ಒಂದು ಊರಿನವರು ಇಬ್ಬರೇ ಇದ್ದರೂ ಇನ್ನೊಂದು ಊರಿನವರು ಸಾವಿರ ಇದ್ದರೆ ಎದುರಾಗಿಯೇ ಆಗುತ್ತಾರೆ. ಆದ್ದರಿಂದ ಇಲ್ಲಿ ಎರಡನ್ನೂ ಕೂಡಬಾರದು, ಗುಣಿಸಬೇಕು. ಆ ಗುಣಲಬ್ಧ ಒಂದು ಮಿತಿ ದಾಟಿದರೆ ಮಾತ್ರ ಕಣಗಳು ಜೋಡಿಯಾಗಿ ಪುಡಿಯಾಗಿ ಬೀಳುತ್ತವೆ, ಇಲ್ಲದಿದ್ದರೆ ಕರಗಿಯೇ ಇರುತ್ತವೆ. ಈ ಮಿತಿಗೇ ಪಿಯುಸಿ ಕೆಮಿಸ್ಟ್ರಿಯಲ್ಲಿ 'ಸಾಲ್ಯುಬಿಲಿಟಿ ಪ್ರಾಡಕ್ಟ್' ಎನ್ನುತ್ತಾರೆ. ನಾವು ಕರಗುವ ಮಿತಿ ಎನ್ನೋಣ. ಕಣಗಳನ್ನು ಎಣಿಸುವ ಅಳತೆ ಮೋಲ್, ಮೊಟ್ಟೆಗೆ ಡಜನ್ ಇದ್ದಂತೆ.

ಸಿಲ್ವರ್ ಕ್ಲೋರೈಡ್‌ನ ಮಿತಿ 0.00000000018. ಲೀಟರಿಗೆ 50 ಮಿಲಿಗ್ರಾಂ ಕ್ಲೋರೈಡ್ ಇರುವ ನೀರು ಒಳ್ಳೆಯ ನೀರೇ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 250 ಮಿಲಿಗ್ರಾಂವರೆಗೆ ಯಾವ ತಕರಾರೂ ಇಲ್ಲ. 50 ಮಿಲಿಗ್ರಾಂ ಅಂದರೆ ಲೀಟರಿಗೆ 0.0014 ಮೋಲ್. ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವಷ್ಟು ಗಟ್ಟಿಯ ಸಿಲ್ವರ್ ನೈಟ್ರೇಟನ್ನು ಒಂದು ಲೋಟ ನೀರಿಗೆ ನಾಲ್ಕು ಹನಿ ಬಿಟ್ಟರೆ ಬೆಳ್ಳಿ ಲೀಟರಿಗೆ 0.0001 ಮೋಲ್ ಆಗುತ್ತದೆ. ಎರಡನ್ನೂ ಗುಣಿಸಿದರೆ 0.00000014, ಅಂದರೆ ಮಿತಿಯ ಸುಮಾರು 800 ಪಟ್ಟು. ನೀರು ಬೆಳ್ಳಗಾಗದೆ ಇನ್ನೇನಾಗುತ್ತದೆ? ಕ್ಲೋರೈಡ್ ಇದರ ಹತ್ತನೇ ಒಂದು ಭಾಗ ಇದ್ದರೂ ಸ್ವಲ್ಪ ಮಬ್ಬಾಗಲೇಬೇಕು. ಮನೆಯ ಫಿಲ್ಟರ್ ನೀರಿನಲ್ಲಿ ಅಷ್ಟಾದರೂ ಉಳಿದಿರುವುದು ಸಾಮಾನ್ಯ. ಹಾಗಾಗಿ ವಿಡಿಯೋದ 'ಫಿಲ್ಟರ್ ನೀರು' ನಿಜಕ್ಕೂ ಡಿಸ್ಟಿಲ್ಡ್ ವಾಟರ್ ಇರಬಹುದು ಎಂಬುದು ನಮ್ಮ ಗುಮಾನಿ.

ಇನ್ನು ಉಪ್ಪು ಹಾಕಿದರೆ ಸೀಸ ಕೂರುತ್ತದೆ ಎಂಬ ಮಾತು

ಇದು ಪೂರ್ತಿ ಹುಟ್ಟಿಸಿದ ಸುಳ್ಳಲ್ಲ, ಅರ್ಧ ಓದಿದವರು ಹೇಳಿದ್ದು. ಕಾಲೇಜಿನ ಪ್ರಯೋಗಾಲಯದಲ್ಲಿ ಗೊತ್ತಿಲ್ಲದ ಲವಣವನ್ನು ಪತ್ತೆ ಮಾಡುವಾಗ ಮೊದಲ ಹೆಜ್ಜೆಯಲ್ಲೇ ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತಾರೆ. ಆಗ ಬೆಳ್ಳಿ, ಸೀಸ ಮತ್ತು ಒಂದು ಬಗೆಯ ಪಾದರಸ ಮಾತ್ರ ಕ್ಲೋರೈಡ್ ಆಗಿ ಕೆಳಗೆ ಬೀಳುತ್ತವೆ, ತಾಮ್ರ, ಸತು, ಕಬ್ಬಿಣ ನೀರಿನಲ್ಲೇ ಉಳಿಯುತ್ತವೆ. ಬೇಕಾದ ಲೋಹವನ್ನು ಆರಿಸಿ ಬೀಳಿಸುವ ವಿಧಾನ ಇದು. ಆದರೆ ಆ ಮೂರರಲ್ಲಿ ಸೀಸ ಸುಲಭಕ್ಕೆ ಬೀಳುವುದಲ್ಲ. ಬಿದ್ದರೂ ಬಿಸಿನೀರು ಹಾಕಿದರೆ ಮತ್ತೆ ಕರಗುತ್ತದೆ, ಸೀಸವನ್ನು ಬೆಳ್ಳಿಯಿಂದ ಬೇರ್ಪಡಿಸುವುದೇ ಹಾಗೆ. ಅಲ್ಲಿ ವಿದ್ಯಾರ್ಥಿಯ ಕೈಯಲ್ಲಿರುವುದು ಸೀಸ ದಂಡಿಯಾಗಿರುವ ಗಟ್ಟಿ ದ್ರಾವಣ. ಬಿಂದಿಗೆಯಲ್ಲಿ ಹಾಗಲ್ಲ.

ಲೆಡ್ ಕ್ಲೋರೈಡ್‌ನ ಕರಗುವ ಮಿತಿ 0.000017. ಒಂದು ಸೀಸಕ್ಕೆ ಎರಡು ಕ್ಲೋರೈಡ್ ಬೇಕಾದ್ದರಿಂದ ಇಲ್ಲಿ ಕ್ಲೋರೈಡನ್ನು ಎರಡು ಸಲ ಗುಣಿಸಬೇಕು. ಒಂದು ಹಿಡಿ ಉಪ್ಪು 30 ಗ್ರಾಂ, ಬಿಂದಿಗೆ 15 ಲೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 2 ಗ್ರಾಂ ಉಪ್ಪು, ಅಂದರೆ 0.034 ಮೋಲ್ ಕ್ಲೋರೈಡ್. 0.000017 ಅನ್ನು 0.034 ರಿಂದ ಎರಡು ಸಲ ಭಾಗಿಸಿ. ಸುಮಾರು 0.015 ಮೋಲ್ ಬರುತ್ತದೆ, ತೂಕದಲ್ಲಿ ಲೀಟರಿಗೆ ಸುಮಾರು 3 ಗ್ರಾಂ ಸೀಸ. ಅಷ್ಟು ಸೀಸ ಇದ್ದರೆ ಮಾತ್ರ ಮೊದಲ ಕಣ ತಳಕ್ಕೆ ಬೀಳುತ್ತದೆ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. 3 ಗ್ರಾಂ ಅದರ ಮೂರು ಲಕ್ಷ ಪಟ್ಟು! ಹೋಗಲಿ, ಸಮುದ್ರದ ನೀರಿನಷ್ಟೇ ಉಪ್ಪು ಮಾಡಿದರೂ ಲೀಟರಿಗೆ 12 ಮಿಲಿಗ್ರಾಂ ಸೀಸ ಆರಾಮಾಗಿ ಕರಗಿರುತ್ತದೆ, ಅದು ಮಿತಿಯ 1,200 ಪಟ್ಟು.

ಅಂದರೆ ಸೀಸ ಇದ್ದರೂ ಅದು ಅಲ್ಲೇ ಇರುತ್ತದೆ, ಜೊತೆಗೆ ಉಪ್ಪು ಸೇರುತ್ತದೆ. ಆ ನೀರನ್ನು ದಿನಕ್ಕೆ ಎರಡೂವರೆ ಲೀಟರ್ ಕುಡಿದರೆ 5 ಗ್ರಾಂ ಉಪ್ಪು ನೀರಿನಿಂದಲೇ ಹೊಟ್ಟೆಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಂಗಿಂತ ಕಡಿಮೆ. ಬಿಪಿ, ಕಿಡ್ನಿ ತೊಂದರೆ ಇರುವ ಹಿರಿಯರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಆತಂಕವೇ ಬೇಡವೇ?

ಹಾಗೆ ಹೇಳಲಾರೆವು. ಈ ಭಾಗದ ಜನಕ್ಕೆ ನೀರಿನ ಬಗ್ಗೆ ಭಯ ಸುಮ್ಮನೆ ಬಂದಿಲ್ಲ. ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಗೆ ಸೇರುತ್ತದೆ. ಸಾವನದುರ್ಗದ ಹತ್ತಿರದ ಮಂಚನಬೆಲೆ ಜಲಾಶಯ ಆ ಸಂಗಮಕ್ಕಿಂತ ಮೇಲಿದೆ ನಿಜ, ಆದರೆ ಅರ್ಕಾವತಿಯ ಮೇಲ್ಭಾಗವೂ ಊರುಗಳ ಕೊಳಚೆಯಿಂದ ಪಾರಾಗಿಲ್ಲ. ಇನ್ನೊಂದು ಕಡೆ, ಗ್ರಾನೈಟ್ ನೆಲದ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಕರ್ನಾಟಕದ ಹಲವೆಡೆ ಕಂಡಿರುವ ಸಮಸ್ಯೆ. ಫ್ಲೋರೈಡ್ ಎಷ್ಟೇ ಇದ್ದರೂ ಈ ಹನಿಗೆ ಬೆಳ್ಳಗಾಗುವುದಿಲ್ಲ, ಸಿಲ್ವರ್ ಫ್ಲೋರೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ನೈಟ್ರೇಟ್, ಭೇದಿ ತರುವ ರೋಗಾಣುಗಳು ಯಾವುದೂ ಇದಕ್ಕೆ ಕಾಣುವುದಿಲ್ಲ.

ತಮಾಷೆ ಏನೆಂದರೆ ಇದೇ ಸಿಲ್ವರ್ ನೈಟ್ರೇಟ್ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್‌ನಲ್ಲೂ ಇರುತ್ತದೆ. ಅಲ್ಲಿ ಅದರ ಕೆಲಸ ಕ್ಲೋರೈಡ್ ಅಳೆಯುವುದು. ನೀರಿಗೆ ಮೊದಲು ಹಳದಿ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ, ಸಿಲ್ವರ್ ನೈಟ್ರೇಟನ್ನು ಹನಿ ಹನಿಯಾಗಿ ಎಣಿಸುತ್ತಾ ಬಿಡುತ್ತಾರೆ. ಬೆಳ್ಳಿ ಮೊದಲು ಕ್ಲೋರೈಡ್ ಜೊತೆ ಬೀಳುತ್ತದೆ. ಲೀಟರಿಗೆ 250 ಮಿಲಿಗ್ರಾಂ ಇದ್ದದ್ದು ಅರ್ಧ ಮಿಲಿಗ್ರಾಂಗೂ ಇಳಿದ ಮೇಲಷ್ಟೇ ಕ್ರೋಮೇಟ್‌ನ ಸರದಿ, ಆಗ ನೀರು ಇಟ್ಟಿಗೆ ಕೆಂಪಾಗುತ್ತದೆ. ಹನಿಗಳ ಎಣಿಕೆಯಿಂದ ಕ್ಲೋರೈಡ್ ಎಷ್ಟೆಂದು ಗೊತ್ತಾಗುತ್ತದೆ.

ಆ ಓದುಗರಿಗೆ ನಾವು ಬರೆದದ್ದು ಇಷ್ಟು. ಗ್ರಾಮ ಪಂಚಾಯಿತಿಯಲ್ಲಿ ಕೇಳಿ ಕಿಟ್‌ನಿಂದ ಫ್ಲೋರೈಡ್, ನೈಟ್ರೇಟ್ ಮತ್ತು ರೋಗಾಣು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ನೋಡಿ. ಸೀಸ ಈ ಕಿಟ್‌ಗೆ ಸಿಗುವುದಿಲ್ಲ. ಅನುಮಾನವಿದ್ದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ವಿಚಾರಿಸಿ, ಲೋಹದ ಪರೀಕ್ಷೆ ಬೇಕೆಂದು ಬಿಡಿಸಿ ಹೇಳಿ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಸೀಸವಾಗಲಿ ಫ್ಲೋರೈಡ್ ಆಗಲಿ ಹೋಗುವುದಿಲ್ಲ. ಉಪ್ಪು ಹಾಕಿಟ್ಟ ಬಿಂದಿಗೆಯ ನೀರನ್ನು ತೊಳೆಯುವುದಕ್ಕೆ ಬಳಸಿ, ಗಿಡಕ್ಕೆ ಹಾಕಬೇಡಿ.