ಹಲ್ಲಿ ಏಕೆ ಬೀಳುವುದಿಲ್ಲ? ಒಂದು ಪ್ರಶ್ನೆ, ಮೂರು ಶಾಸ್ತ್ರಗಳು

ಕಳೆದ ಮಳೆಗಾಲದಲ್ಲಿ ಐಚ್ಛಿಕ ಕನ್ನಡ ತರಗತಿಯಲ್ಲಿ ನುಡಿಗಟ್ಟುಗಳ ಪಾಠ ನಡೆದಿತ್ತು. ‘ಉಡದ ಪಟ್ಟು’ ಎಂಬ ಮಾತು ಬಂದಾಗ, ಮರಾಠಿ ಶಾಲೆಯಲ್ಲಿ ಓದಿದ ನಮಗೆಲ್ಲ ಪರಿಚಿತವಾದ ಒಂದು ಜನಪದ ಕಥೆಯನ್ನು ಹೇಳಿದೆ. ಸಿಂಹಗಡದ ಕಡಿದಾದ ಬಂಡೆಯನ್ನು ಏರಲು ತಾನಾಜಿಯು ಘೋರಪಡದ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಕ್ಕೆ ಬಿಟ್ಟನೆಂಬುದು ಆ ಕಥೆ. ಮರಾಠಿಯ ಘೋರಪಡವೇ ಕನ್ನಡದ ಉಡ. ಮುಧೋಳದ ಘೋರ್ಪಡೆ ಮನೆತನದ ಹೆಸರಿನ ಹಿಂದೆಯೂ ಇಂಥದೇ ಕಥೆಯಿದೆ.

ಆಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಉಡಕ್ಕೆ ಉಗುರುಗಳಿವೆ, ಬಂಡೆಗೆ ಬಿರುಕುಗಳಿವೆ. ಕಿಟಕಿಯ ಗಾಜಿನ ಮೇಲೆ ಹಲ್ಲಿ ಹೇಗೆ ನಿಲ್ಲುತ್ತದೆ?” ಎಂದು ಕೇಳಿದಳು. “ಅದರ ಪಾದದಲ್ಲಿ ಅಂಟು ಇರುತ್ತದೆ” ಎಂದೆ. ಹಲವು ವರ್ಷಗಳಿಂದ ನಾನು ನಂಬಿದ್ದ ಉತ್ತರವದು. “ಹಾಗಾದರೆ ಗಾಜಿನ ಮೇಲೆ ಅಂಟಿನ ಗುರುತು ಏಕೆ ಉಳಿಯುವುದಿಲ್ಲ, ಸರ್?” ಎಂದು ಅವಳು ಮತ್ತೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಓದಿ ತಿಳಿದುದನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಅಲ್ಲಗಳೆದ ಉತ್ತರಗಳು

ಈ ಪ್ರಶ್ನೆ ಹೊಸದಲ್ಲ. ಹಲ್ಲಿಯ ಜಾತಿಯ ಪ್ರಾಣಿ ತಲೆಕೆಳಗಾಗಿಯೂ ಮರದ ಮೇಲೆ ಓಡಾಡಬಲ್ಲುದೆಂಬುದನ್ನು ಗ್ರೀಸಿನ ಅರಿಸ್ಟಾಟಲನು ತನ್ನ ಪ್ರಾಣಿಗ್ರಂಥದಲ್ಲಿ ಗುರುತಿಸಿದ್ದನು. ಕಾರಣವನ್ನು ಕುರಿತು ಮುಂದಿನವರು ಒಂದೊಂದು ಊಹೆಯನ್ನು ಮುಂದಿಟ್ಟರು. ಪ್ರಯೋಗಗಳು ಅವನ್ನು ಒಂದೊಂದಾಗಿ ತಳ್ಳಿಹಾಕಿದವು.

ಮೊದಲನೆಯದು ನನ್ನ ಉತ್ತರವೇ, ಅಂಟು. ಆದರೆ ಹಲ್ಲಿಯ ಬೆರಳುಗಳ ಅಡಿಯಲ್ಲಿ ಅಂಟನ್ನು ಸ್ರವಿಸುವ ಗ್ರಂಥಿಗಳೇ ಇಲ್ಲ. ಎರಡನೆಯದು, ಪಾದವು ರಬ್ಬರ್ ಬಟ್ಟಲಿನಂತೆ ಗಾಳಿಯನ್ನು ಹೊರದೂಡಿ ಗೋಡೆಯನ್ನು ಹೀರಿ ಹಿಡಿಯುತ್ತದೆ ಎಂಬುದು. ಹಾಗಿದ್ದರೆ ಗಾಳಿಯೇ ಇಲ್ಲದ ನಿರ್ವಾತದಲ್ಲಿ ಪಾದ ಕಳಚಿಕೊಳ್ಳಬೇಕಿತ್ತು, ಕಳಚಿಕೊಳ್ಳಲಿಲ್ಲ. ಮೂರನೆಯದು, ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಇಲ್ಲಿಯೂ ಸ್ಥಿರವಿದ್ಯುತ್ತು ಕೆಲಸ ಮಾಡುತ್ತದೆ ಎಂಬುದು. ಜರ್ಮನಿಯ ಡೆಲ್ಲಿಟ್ ಎಕ್ಸ್-ಕಿರಣಗಳನ್ನು ಹಾಯಿಸಿ ಸುತ್ತಲಿನ ಗಾಳಿಯನ್ನು ವಿದ್ಯುದ್ವಾಹಕವಾಗಿ ಮಾಡಿದನು. ಸಂಚಯವಾದ ವಿದ್ಯುತ್ತು ಅಂಥ ಗಾಳಿಯಲ್ಲಿ ಹರಿದುಹೋಗಬೇಕು. ಆದರೂ ಹಲ್ಲಿ ಬೀಳಲಿಲ್ಲ. ಅವನು ಇದನ್ನು ಪ್ರಕಟಿಸಿದ್ದು 1934ರಲ್ಲಿ. ನಾಲ್ಕನೆಯದು ಸೂಕ್ಷ್ಮ ಕೊಕ್ಕೆಗಳ ಊಹೆ. ನುಣುಪಾದ ಗಾಜಿನಲ್ಲಿ ಕೊಕ್ಕೆ ಸಿಕ್ಕಿಕೊಳ್ಳಲು ಎಡೆಯೆಲ್ಲಿ?

ಒಂದು ರೋಮದ ಬಲ

ಹಲ್ಲಿಯು ಕಿಟಕಿಯ ಗಾಜಿನ ಆಚೆಬದಿಯಲ್ಲಿ ಕುಳಿತಾಗ ಅದರ ಬೆರಳುಗಳ ಅಡಿಯನ್ನು ಗಮನಿಸಿರಿ. ಅಡ್ಡಡ್ಡಲಾದ ಪಟ್ಟಿಗಳು ಕಾಣುತ್ತವೆ. ಆ ಪಟ್ಟಿಗಳ ತುಂಬ ಬರಿಗಣ್ಣಿಗೆ ಕಾಣದ ರೋಮಗಳಿವೆ. ಈಶಾನ್ಯ ಭಾರತದಲ್ಲಿಯೂ ಆಗ್ನೇಯ ಏಷ್ಯಾದಲ್ಲಿಯೂ ಬದುಕುವ ಟೋಕೆ ಎಂಬ ದೊಡ್ಡ ಹಲ್ಲಿಯ ಪ್ರತಿ ಪಾದದಲ್ಲಿ ಇಂಥ ಸುಮಾರು 5 ಲಕ್ಷ ರೋಮಗಳಿವೆ. ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿನ ಬಂಧುವೇ ಇಲ್ಲಿಯ ದ್ರವ್ಯ. ಪ್ರತಿಯೊಂದು ರೋಮವೂ ತುದಿಯಲ್ಲಿ ನೂರಾರು ಕವಲುಗಳಾಗಿ ಒಡೆದು, ಒಂದೊಂದು ಕವಲೂ ಚಪ್ಪಟೆಯಾಗಿ ಕೊನೆಗೊಳ್ಳುತ್ತದೆ. ಆ ಚಪ್ಪಟೆ ತುದಿಯ ಅಗಲ ಒಂದು ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿನಷ್ಟು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದ ಮೇಲೆಯೇ ಇದರ ರೂಪ ಸ್ಪಷ್ಟವಾಯಿತು.

ಪ್ರಾಣಿಶಾಸ್ತ್ರ ಇಲ್ಲಿಯವರೆಗೆ ಕರೆತಂದಿತು. ಇನ್ನು ಅಳೆಯುವ ಕೆಲಸ. 2000ದಲ್ಲಿ ಅಮೆರಿಕದ ಕೆಲ್ಲರ್ ಆಟಮ್, ರಾಬರ್ಟ್ ಫುಲ್ ಮತ್ತು ಅವರ ಎಂಜಿನಿಯರ್ ಸಂಗಡಿಗರು ಒಂದೇ ಒಂದು ರೋಮವನ್ನು ಬಿಡಿಸಿ, ಅತಿ ಸೂಕ್ಷ್ಮವಾದ ಬಲಮಾಪಕಕ್ಕೆ ತಾಗಿಸಿದರು. ಮೊದಮೊದಲು ರೋಮ ಹಿಡಿಯಲೇ ಇಲ್ಲ. ಹಲ್ಲಿ ಕಾಲಿಡುವಂತೆಯೇ ಮೆಲ್ಲನೆ ಒತ್ತಿ, ಬಳಿಕ ಒಂದು ಎಳೆಯಷ್ಟು ಹಿಂದಕ್ಕೆ ಜಗ್ಗಿದಾಗ ಹಿಡಿಯಿತು. ಅದರ ಬಲ ಸುಮಾರು 200 ಮೈಕ್ರೋನ್ಯೂಟನ್, ಅಂದರೆ 20 ಮಿಲಿಗ್ರಾಂ ತೂಕವನ್ನು ತಡೆಯುವಷ್ಟು. ಇದನ್ನು 5 ಲಕ್ಷದಿಂದ ಗುಣಿಸಿದರೆ ಒಂದು ಪಾದಕ್ಕೆ 10 ಕಿಲೋಗ್ರಾಂ! ಎಲ್ಲ ರೋಮಗಳೂ ಏಕಕಾಲಕ್ಕೆ ಹಿಡಿಯುವುದಿಲ್ಲವಾದ್ದರಿಂದ ಜೀವಂತ ಹಲ್ಲಿಯಲ್ಲಿ ಕಂಡ ಬಲ ಇದಕ್ಕಿಂತ ಬಹಳ ಕಡಿಮೆ. ಆದರೂ ಎರಡು ಮುಂಗಾಲುಗಳಿಂದ ಅದು ಸುಮಾರು 2 ಕಿಲೋಗ್ರಾಂ ತಡೆದುದನ್ನು ಅಳೆದಿದ್ದಾರೆ.

ಇಷ್ಟು ಬಿಗಿಯಾಗಿ ಹಿಡಿದ ಪಾದ ಬಿಡುವುದು ಹೇಗೆ? ರೋಮವು ಗೋಡೆಯೊಡನೆ ಮಾಡುವ ಕೋನ ಸುಮಾರು 30 ಡಿಗ್ರಿಯನ್ನು ಮುಟ್ಟಿದೊಡನೆ ಹಿಡಿತ ತಾನಾಗಿ ಕಳಚುತ್ತದೆ. ಅದಕ್ಕಾಗಿಯೇ ಹಲ್ಲಿಯು ಪ್ರತಿ ಹೆಜ್ಜೆಗೂ ಬೆರಳ ತುದಿಯನ್ನು ಮೇಲಕ್ಕೆ ಸುರುಳಿ ಸುತ್ತಿ, ಅಂಟಿಸಿದ ಪಟ್ಟಿಯನ್ನು ಅಂಚಿನಿಂದ ಸುಲಿಯುವಂತೆ ಪಾದವನ್ನು ಬಿಡಿಸುತ್ತದೆ.

ಹತ್ತಿರವಾಗುವುದೇ ಗುಟ್ಟು

ಆ ಬಲ ಯಾವುದು? ಇಲ್ಲಿ ರಸಾಯನಶಾಸ್ತ್ರ ಪ್ರವೇಶಿಸುತ್ತದೆ. ಪ್ರತಿ ಅಣುವಿನಲ್ಲಿಯೂ ಎಲೆಕ್ಟ್ರಾನುಗಳು ಸದಾ ಅಲುಗಾಡುತ್ತಿರುತ್ತವೆ. ಒಂದು ಕ್ಷಣ ಅವು ಒಂದು ಬದಿಗೆ ಸರಿದರೆ ಆ ಬದಿ ತುಸು ಋಣ, ಇನ್ನೊಂದು ತುಸು ಧನ ಆಗುತ್ತದೆ. ಅದರ ಪ್ರಭಾವದಿಂದ ನೆರೆಯ ಅಣುವಿನ ಎಲೆಕ್ಟ್ರಾನುಗಳೂ ಸರಿದು, ಎರಡೂ ಪರಸ್ಪರ ಸೆಳೆಯುತ್ತವೆ. 1910ರಲ್ಲಿ ನೊಬೆಲ್ ಪಡೆದ ಡಚ್ ವಿಜ್ಞಾನಿಯ ಹೆಸರಿನಿಂದ ಇಂಥ ಸೆಳೆತಗಳನ್ನು ವಾನ್ ಡರ್ ವಾಲ್ಸ್ ಬಲಗಳೆನ್ನುತ್ತಾರೆ. ಇವು ಯಾವ ಎರಡು ವಸ್ತುಗಳ ನಡುವೆಯೂ ಇರುತ್ತವೆ. ಆದರೆ ದುರ್ಬಲ, ಮತ್ತು ಅಂತರ ತುಸು ಹೆಚ್ಚಿದರೂ ಇಲ್ಲವಾಗುತ್ತವೆ.

ಹಾಗಾದರೆ ನಮ್ಮ ಅಂಗೈ ಏಕೆ ಗೋಡೆಯನ್ನು ಹಿಡಿಯದು? ಉಬ್ಬುತಗ್ಗಿನ ಕಲ್ಲುಹಾಸಿನ ಮೇಲೆ ಹಲಗೆಯನ್ನಿಟ್ಟರೆ ಮೂರು ನಾಲ್ಕು ಕಡೆ ಮಾತ್ರ ತಾಗುತ್ತದೆ; ಕೌದಿಯನ್ನು ಹಾಸಿದರೆ ತಗ್ಗುಗಳಿಗೂ ಇಳಿದು ಕೂಡುತ್ತದೆ. ಅಣುಗಳ ಅಳತೆಯಲ್ಲಿ ನಮ್ಮ ಅಂಗೈ ಹಲಗೆ, ಹಲ್ಲಿಯ ಪಾದ ಕೌದಿ.

ಆದರೂ ಒಂದು ಸಂದೇಹ ಉಳಿದಿತ್ತು. ಒದ್ದೆ ಗಾಜಿನ ತುಂಡುಗಳೆರಡು ಕೂಡಿಕೊಳ್ಳುವಂತೆ, ಗೋಡೆಯ ಮೇಲಿನ ತೇವದ ಪದರವೇ ಪಾದವನ್ನು ಹಿಡಿದಿರಬಾರದೇಕೆ? 2002ರಲ್ಲಿ ಆಟಮ್ ಮತ್ತು ಸಂಗಡಿಗರು ನೀರನ್ನು ಒಲಿಸಿಕೊಳ್ಳುವ ಒಂದು ಮೇಲ್ಮೈಯನ್ನೂ ನೀರನ್ನು ದೂಡುವ ಇನ್ನೊಂದನ್ನೂ ಆರಿಸಿ ಪರೀಕ್ಷಿಸಿದರು. ತೇವವೇ ಕಾರಣವಾಗಿದ್ದರೆ ಎರಡನೆಯದರಲ್ಲಿ ಹಿಡಿತ ಸಡಿಲವಾಗಬೇಕು. ಎರಡರಲ್ಲಿಯೂ ಅದು ಸಮವಾಗಿಯೇ ಇತ್ತು. ಅಷ್ಟಕ್ಕೇ ನಿಲ್ಲದೆ, ಎರಡು ಬೇರೆ ಬೇರೆ ಕೃತಕ ದ್ರವ್ಯಗಳಿಂದ ರೋಮದ ತುದಿಗಳನ್ನು ಮಾಡಿನೋಡಿದರು, ಅವೂ ಹಿಡಿದವು. ಮುಖ್ಯವಾದುದು ದ್ರವ್ಯಕ್ಕಿಂತ ತುದಿಯ ಆಕಾರ ಮತ್ತು ಗಾತ್ರ ಎಂದಾಯಿತು. ಗಾಳಿಯ ತೇವಾಂಶಕ್ಕೂ ಒಂದು ಪಾಲು ಉಂಟೆಂದು 2005ರಲ್ಲಿ ಬೇರೊಂದು ತಂಡ ತೋರಿಸಿತು; ಆ ಚರ್ಚೆ ಇನ್ನೂ ಮುಗಿದಿಲ್ಲ.

ಮಾಡಿ ನೋಡುವ ಶಾಸ್ತ್ರ

ಮೂರನೆಯ ಶಾಸ್ತ್ರ ದ್ರವ್ಯವಿಜ್ಞಾನ. 2003ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೀಮ್ ಅವರ ತಂಡ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನಿಂದ ಸೂಕ್ಷ್ಮ ರೋಮಗಳ ಪಟ್ಟಿಯನ್ನು ರಚಿಸಿ, ಅದರಿಂದ ಒಂದು ಆಟದ ಗೊಂಬೆಯನ್ನು ಗಾಜಿಗೆ ತೂಗುಹಾಕಿತು. ಆದರೆ ಕೆಲವು ಸಲ ಅಂಟಿಸಿ ತೆಗೆಯುವಷ್ಟರಲ್ಲಿ ಆ ರೋಮಗಳು ಒಂದಕ್ಕೊಂದು ಹತ್ತಿ ಗಂಟಾದವು. ಹಲ್ಲಿಯ ರೋಮಗಳು ಗಂಟಾಗುವುದಿಲ್ಲ. ಧೂಳು ಮೆತ್ತಿದರೂ ಕೆಲವು ಹೆಜ್ಜೆಗಳಲ್ಲಿ ತಾವೇ ಶುದ್ಧವಾಗುತ್ತವೆ. ಮಾಡಿ ಸೋತಾಗಲೇ ಅವರಿಗೆ ಪ್ರಾಣಿಯಲ್ಲಿ ಇನ್ನೂ ಏನನ್ನು ನೋಡಬೇಕೆಂಬುದು ತಿಳಿಯಿತು. 2014ರ ಹೊತ್ತಿಗೆ ಸ್ಟ್ಯಾನ್‌ಫರ್ಡಿನ ಸಂಶೋಧಕರು ಅಂಗೈಯಗಲದ ಇಂಥ ಫಲಕಗಳನ್ನು ಹಿಡಿದು ಮನುಷ್ಯನೊಬ್ಬ ಗಾಜಿನ ಗೋಡೆಯನ್ನು ಏರುವಂತೆ ಮಾಡಿದರು.

ಕನ್ನಡದ ವಿದ್ಯಾರ್ಥಿಗಳಿಗೆ ಇದೆಲ್ಲ ಏಕೆಂದು ನೀವು ಕೇಳಬಹುದು. ವಿಜ್ಞಾನಿಗಳು ಈ ರೋಮವನ್ನು ‘ಸೀಟಾ’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಬಿರುಗೂದಲು. ಅವರೂ ಮನೆಮಾತನ್ನೇ ಶಾಸ್ತ್ರದ ಮಾತಾಗಿ ಮಾಡಿಕೊಂಡರು. ನಮ್ಮಲ್ಲಿಯೂ ‘ಅಂಟು’, ‘ಹಿಡಿತ’, ‘ಪಟ್ಟು’, ‘ಸೆಳೆತ’ ಎಂಬ ಬೇರೆ ಬೇರೆ ಪದಗಳಿವೆ. ಅವುಗಳ ಅಂತರವನ್ನು ಮರೆತು ‘ಅಂಟು’ ಎಂದುದರಿಂದಲೇ ನಾನು ತಪ್ಪಿದೆ. ಹೆಸರಿಟ್ಟ ಮಾತ್ರಕ್ಕೆ ವಿವರಣೆಯಾಗುವುದಿಲ್ಲ. ಈ ಮಾತು ಪದ್ಯವನ್ನು ವ್ಯಾಖ್ಯಾನಿಸುವಾಗಲೂ ಅಷ್ಟೇ ನಿಜ.

ಮರಾಠಿಯಲ್ಲಿ ‘ಚಿಕಟ’ ಎಂದರೆ ಅಂಟಂಟಾದುದು. ಅದೇ ಬೇರಿನ ‘ಚಿಕಾಟಿ’ ಎಂದರೆ ಹಿಡಿದುದನ್ನು ಬಿಡದ ಛಲ. ಹಲ್ಲಿಯ ಪಾದದಲ್ಲಿ ಚಿಕಟ ಇಲ್ಲವೆಂದು ಈಗ ಗೊತ್ತಾಯಿತು. ಮೊದಲ ಉತ್ತರಕ್ಕೆ ಸುಮ್ಮನಾಗದೆ ಎರಡನೆಯ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಯಲ್ಲಿ ಚಿಕಾಟಿ ಇತ್ತು.