ಪೋರ್ತುಗಾಲದ ದ್ರಾಕ್ಷಾಸವವೂ ದಾವಣಗೆರೆಯ ನಾಲಿಗೆಯೂ

ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ನಮ್ಮ ಹಿರಿಯರು ರಸಗಳನ್ನು ಆರಾಗಿ ಎಣಿಸಿರುವರು. ಇವುಗಳಲ್ಲಿ ಕಡೆಯದಾದ ಕಷಾಯವನ್ನು ಮನೆಮಾತಿನಲ್ಲಿ ಒಗರೆನ್ನುತ್ತೇವೆ. ಎಳೆಯ ಬಾಳೆಕಾಯಿಯನ್ನು ಕಚ್ಚಿದಾಗ, ನೇರಳೆಹಣ್ಣನ್ನು ತಿಂದಾಗ, ಹಸಿ ಅಡಿಕೆಯ ಹೋಳನ್ನು ದವಡೆಗೆ ಒತ್ತಿದಾಗ ಬಾಯಿ ಬಿಗಿದುಕೊಳ್ಳುವುದಷ್ಟೆ, ಅದೇ ಒಗರು. ಸಿಹಿಗೆ ಹಬ್ಬವುಂಟು, ಖಾರಕ್ಕೆ ಹೊಗಳಿಕೆಯುಂಟು, ಕಹಿಗೆ ಯುಗಾದಿಯ ದಿನವಾದರೂ ಮರ್ಯಾದೆಯುಂಟು; ಒಗರನ್ನು ಮಾತ್ರ ಕೇಳುವವರಿಲ್ಲ. ಈ ಅನಾದೃತ ರಸವನ್ನು ಕುರಿತು ದಾವಣಗೆರೆಯ ಒಂದು ಮನೆಯಲ್ಲಿ ನಾವು ಇತ್ತೀಚೆಗೆ ಕಲಿತ ಪಾಠವನ್ನು ವಾಚಕರ ಮುಂದಿಡಬಯಸುತ್ತೇವೆ. ಪಾಠವನ್ನು ಕಲಿಸಿದ ವಸ್ತುವು ದೂರದ ಪೋರ್ತುಗಾಲ ದೇಶದ ದ್ರಾಕ್ಷಾಸವವಾದುದರಿಂದ ಕೆಲವು ಗೃಹಸ್ಥರು ಹುಬ್ಬು ಗಂಟಿಕ್ಕಿಯಾರು. ಅಂಥವರು ಕಡೆಯವರೆಗೆ ಓದಿ ಆಮೇಲೆ ತೀರ್ಪು ಕೊಡಬೇಕೆಂದು ನಮ್ಮ ಅರಿಕೆ.

ನಮ್ಮ ಸ್ನೇಹಿತರೊಬ್ಬರು ದಾವಣಗೆರೆಯಲ್ಲಿ ಅಡಿಕೆಯ ವ್ಯಾಪಾರ ಮಾಡತಕ್ಕವರು. ಚನ್ನಗಿರಿ ಸೀಮೆಯ ತೋಟಗಳ ಮಾಲು ಅವರ ಕೈದಾಟಿ ಹೋಗುವುದು. ಅವರ ಮನೆಯಲ್ಲಿ ಮದ್ಯದ ಹೆಸರನ್ನು ಎತ್ತಿದವರೂ ಇಲ್ಲ. ಹೀಗಿರಲು, ರಸಾಯನಶಾಸ್ತ್ರವನ್ನೋದಿದ ಅವರ ಒಬ್ಬನೇ ಮಗನು ಪೋರ್ತುಗಾಲದ ಪೋರ್ತೊ ಪಟ್ಟಣಕ್ಕೆ ಹೋಗಿ, ದ್ರಾಕ್ಷಾಸವ ತಯಾರಿಸುವ ಒಂದು ಉಗ್ರಾಣದಲ್ಲಿ ರುಚಿಪರೀಕ್ಷಕನಾಗಿ ಸೇರಿಕೊಂಡನು. ತಂದೆಯವರು ಮೂರು ವರ್ಷ ಕಾಲ, ಕೇಳಿದವರಿಗೆಲ್ಲ “ಹಣ್ಣಿನ ರಸದ ಕಾರ್ಖಾನೆ” ಎಂದು ಹೇಳುತ್ತ ಬಂದರು. ಈ ಅರೆನಿಜವು ಅವರನ್ನು ಒಳಗೊಳಗೇ ಕೊರೆಯುತ್ತಿದ್ದಿತು. ಅಷ್ಟರಲ್ಲಿ ಹರಿಹರದ ಒಂದು ಸಂಬಂಧ ಕೂಡಿಬಂದು, ಹೆಣ್ಣಿನ ಕಡೆಯವರು ಹುಡುಗನ ಉದ್ಯೋಗವೇನೆಂದು ಕೇಳಿ ಕಳುಹಿಸಿದರು.

“ಏನಂತ ಹೇಳಲಿ? ಮಗ ಕುಡಿದು ಸಂಬಳ ತಗೋತಾನ ಅಂತ ಹೇಳ್ಲೇನು?” ಎಂದರು ತಂದೆ.

ರಜೆಯ ಮೇಲೆ ಬಂದಿದ್ದ ಮಗನು, “ಅಪ್ಪಾಜಿ, ನಾನು ಮಾಡೋ ಕೆಲಸ ಒಂದು ಸಾರಿ ಕಣ್ಣಾರೆ ನೋಡ್ರಿ. ಆಮೇಲೆ ನೀವು ಹೇಳಿದಂಗ ಆಗಲಿ” ಎಂದನು. ತನ್ನ ಜೊತೆಯಲ್ಲಿ ತಂದಿದ್ದ ಐದು ಚಿಕ್ಕ ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟನು. ಬಳಿಕ ಅಟ್ಟದ ಮೇಲಿದ್ದ ಅಜ್ಜನ ಕಾಲದ ಹಿತ್ತಾಳೆಯ ಪೀಕುದಾನಿಯನ್ನು ಕೇಳಿದನು. ರುಚಿಪರೀಕ್ಷಕರು ಒಂದೇ ದಿನದಲ್ಲಿ ಹತ್ತಾರು ಬಗೆಗಳನ್ನು ನೋಡಬೇಕಾದುದರಿಂದ ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಿಬಿಡುವರು. ನುಂಗಿದರೆ ಬುದ್ಧಿ ಮಂಕಾಗಿ ಪರೀಕ್ಷೆಯೇ ಕೆಡುವುದು. ಈ ಸಂಗತಿ ನಮಗೂ ಹೊಸದು. ತಾಂಬೂಲಕ್ಕೆಂದು ಮಾಡಿದ ಪಾತ್ರೆಗೆ ಇಂತಹ ಉಪಯೋಗವೂ ಉಂಟೆಂದು ಆ ಅಜ್ಜನು ಎಣಿಸಿದ್ದಿಲ್ಲ. ತಂದೆಯವರು ತಾವು ತುಟಿಗೆ ಸೋಂಕಿಸುವುದಿಲ್ಲ, ಮೂಸಿ ಮಾತ್ರ ನೋಡುವೆವೆಂದು ಕರಾರು ಮಾಡಿಕೊಂಡು ಕುಳಿತರು. ನಾವು ಮಗನ ರೀತಿಯನ್ನು ಅನುಸರಿಸಿ ಪೀಕುದಾನಿಯ ಆಶ್ರಯ ಪಡೆದೆವು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಐದೂ ‘ಡ್ರೈ’ ಎಂಬ ವರ್ಗಕ್ಕೆ ಸೇರಿದವು. ಡ್ರೈ ಎಂದರೆ ಒಣಗಿದ್ದೆಂದು ತಿಳಿಯಬಾರದು, ಸಿಹಿಯಿಲ್ಲದ್ದೆಂದು ತಿಳಿಯತಕ್ಕದ್ದು. ದ್ರಾಕ್ಷಿಯ ರಸವು ಹುಳಿಯುವಾಗ ಅದರ ಸಕ್ಕರೆಯೆಲ್ಲವೂ ಮದ್ಯಸಾರವಾಗಿ ಮಾರ್ಪಟ್ಟು, ಸಾಮಾನ್ಯವಾಗಿ ಲೀಟರಿಗೆ 4 ಗ್ರಾಮಿಗಿಂತ ಹೆಚ್ಚು ಸಕ್ಕರೆ ಉಳಿಯದಿದ್ದರೆ ಆ ಹೆಸರು ಸಲ್ಲುವುದು. ಪೋರ್ತೊ ಪಟ್ಟಣದ ಹೆಸರಿನಿಂದ ಲೋಕಪ್ರಸಿದ್ಧವಾದ ‘ಪೋರ್ಟ್’ ಇದಕ್ಕೆ ಬೇರೆಯಾದುದು. ಹುಳಿಯುವ ಕ್ರಿಯೆಯನ್ನು ನಡುವೆಯೇ ದ್ರಾಕ್ಷಿಯ ಸಾರಾಯಿ ಬೆರೆಸಿ ನಿಲ್ಲಿಸುವುದರಿಂದ ಅದರಲ್ಲಿ ಸಿಹಿ ಉಳಿಯುತ್ತದೆ. ಸಿಹಿಯ ಮುಸುಕು ಇಲ್ಲದಲ್ಲಿ ಮಣ್ಣಿನ ಗುಣ, ಹುಳಿ, ಒಗರು ಇವು ನೇರವಾಗಿ ನಾಲಿಗೆಗೆ ಬರುವುವು.

ಮೊದಲನೆಯದು ವಿನ್ಯೊ ವೆರ್ದೆ. ಪೋರ್ತುಗಾಲದ ವಾಯವ್ಯ ಮೂಲೆಯ ಮಿನ್ಯೊ ಸೀಮೆಯ ಬೆಳೆ. ಈ ಪ್ರದೇಶದ ಎಲ್ಲೆ 1908ರಲ್ಲಿ ಗೊತ್ತಾಯಿತು. ‘ವೆರ್ದೆ’ ಎಂದರೆ ಹಸುರು. ಬಣ್ಣವನ್ನಲ್ಲ, ಎಳೆತನವನ್ನು ಸೂಚಿಸುವ ಮಾತು. ಗ್ರಾನೈಟು ನೆಲ, ಸಮುದ್ರದ ಕಡೆಯ ಧಾರಾಳ ಮಳೆ. ಆದುದರಿಂದ ಹುಳಿಯೇ ಅದರ ಪ್ರಾಣ. ಎಳೆಯ ಮಾವಿನಕಾಯಿಯನ್ನು ಕೊಯ್ದ ಕ್ಷಣದ ವಾಸನೆಯೆಂದು ತಂದೆಯವರು ಗುರುತಿಸಿದರು. ನಮ್ಮೂರ ಬೆಣ್ಣೆದೋಸೆಯ ಒಂದು ತುಣುಕನ್ನು ತಿಂದು ಬಳಿಕ ಇದನ್ನು ನೋಡಿರೆಂದು ಹುಡುಗನು ನಮಗೆ ಹೇಳಿದನು. ನಾಲಿಗೆಗೆ ಹತ್ತಿದ್ದ ಬೆಣ್ಣೆಯ ಜಿಡ್ಡನ್ನು ಆ ಹುಳಿಯು ಬಳಿದು ತೆಗೆದುಬಿಟ್ಟಿತು. ಎಣ್ಣೆ ತಿಂಡಿಯ ಮೇಲೆ ನಿಂಬೆಹಣ್ಣನ್ನು ಹಿಂಡುವ ನಮ್ಮ ಗೃಹಿಣಿಯರಿಗೆ ಈ ತತ್ತ್ವ ತಿಳಿಯದ್ದೇನಲ್ಲ.

ಎರಡನೆಯದು ದಾಂವ್ ಸೀಮೆಯ ಕೆಂಪು. ಇದೂ ಗ್ರಾನೈಟು ನೆಲವೇ. ಆದರೆ ಸುತ್ತಲೂ ಬೆಟ್ಟಗಳ ಕೋಟೆಯಿರುವುದರಿಂದ ಸಮುದ್ರದ ಮಳೆಗಾಳಿಯ ಬಿರುಸು ತಗ್ಗಿ, ಹಣ್ಣು ನಿಧಾನವಾಗಿ ಮಾಗುವುದು. ತೂರಿಗ ನಸಿಯೊನಾಲ್ ಎಂಬ ದ್ರಾಕ್ಷಿಯು ಇಲ್ಲಿ ಹೆಸರುವಾಸಿ. ಹೂವಿನ ಪರಿಮಳ, ಮಿತವಾದ ಒಗರು. ಮೃದುಭಾಷಿಯಾದ ಅತಿಥಿಯಂತೆ ಬಂದು ಹೋಯಿತು.

ಮೂರನೆಯದು ದೋರು ನದಿಯ ಕಣಿವೆಯದು. 1756ರಲ್ಲಿ ಪೊಂಬಾಲನೆಂಬ ಮಂತ್ರಿಯು ಈ ಸೀಮೆಗೆ ಕಾಯಿದೆಯ ಎಲ್ಲೆಯನ್ನು ವಿಧಿಸಿದನು. ಬಳಿಕ ನೆಟ್ಟ ಗಡಿಕಲ್ಲುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಸ್ಲೇಟಿನಂತೆ ಪದರು ಪದರಾಗಿ ಒಡೆಯುವ ಕಲ್ಲಿನ ಇಳಿಜಾರುಗಳನ್ನು ಕಡಿದು, ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿಗಳನ್ನು ಬೆಳೆಸಿರುವರು. 2001ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಗೆಯ ಉರಿಯಲ್ಲಿ ಕಲ್ಲು ಕಾಯುವುದರಿಂದ ಹಣ್ಣಿನ ರಸವು ಸಾಂದ್ರವಾಗುವುದು. ಬಹಳ ಮಾಗಿದ ನೇರಳೆಹಣ್ಣಿನ ರಾಶಿಯ ಮುಂದೆ ನಿಂತಂತಾಯಿತು.

ನಾಲ್ಕನೆಯ ಸೀಸೆಯನ್ನು ತೆರೆದಾಗ ನಿಜವಾದ ಸಂಗತಿ ನಡೆಯಿತು. ಅದು ಬೈರಾದ ಸೀಮೆಯದು; ಅಟ್ಲಾಂಟಿಕ್ ಸಮುದ್ರಕ್ಕೆ ಸಮೀಪದ, ಜೇಡಿ ಮತ್ತು ಸುಣ್ಣ ಬೆರೆತ ನೆಲದ ಬೆಳೆ. ಅಲ್ಲಿಯ ಬಾಗ ಎಂಬ ದ್ರಾಕ್ಷಿಯು ಗಿಡ್ಡ ಕಾಯಿಯದು, ಹುಳಿಯೂ ಒಗರೂ ಎರಡೂ ಉಗ್ರ. ನಾವು ಗುಟುಕನ್ನು ಬಾಯಲ್ಲಿಟ್ಟೊಡನೆ ಒಸಡು, ಕೆನ್ನೆ, ನಾಲಿಗೆ ಒಟ್ಟಿಗೆ ಬಿಗಿದುಕೊಂಡವು. ಜೊತೆಗೆ ಒಂದು ಮಿರ್ಚಿಯನ್ನು ಕಚ್ಚಿ ನೋಡಿದ ತಪ್ಪಿಗೆ ಖಾರವು ಇಮ್ಮಡಿಯಾಗಿ ಕಣ್ಣಲ್ಲಿ ನೀರು ಬಂದಿತು. ಮೆಣಸಿನಕಾಯಿಯನ್ನು ಹದಿನಾರನೆಯ ಶತಮಾನದಲ್ಲಿ ಈ ದೇಶಕ್ಕೆ ತಂದವರು ಪೋರ್ತುಗೀಸರೇ. ತಮ್ಮ ಎರಡು ವಸ್ತುಗಳನ್ನು ಒಂದೇ ಬಾಯಲ್ಲಿ ಕೂಡಿಸಬಾರದೆಂದು ಅವರು ನಮಗೆ ಹೇಳಲಿಲ್ಲ. ಮಗನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆಯಲು ಕನ್ನಡದ ಮಾತು ಸಿಕ್ಕದೆ ತಡಕಾಡುತ್ತಿದ್ದನು. ಲೋಟವನ್ನು ಮೂಗಿನ ಬಳಿ ಹಿಡಿದಿದ್ದ ತಂದೆಯವರು ನಮ್ಮ ಮುಖವನ್ನು ನೋಡಿ, ತಟ್ಟನೆ, “ಇದು ಚೊಗರು ಕಣಯ್ಯ!” ಎಂದರು.

ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿದ ನೀರು ಕೆಂಪಗೆ ಗಟ್ಟಿಯಾದಾಗ ಅದನ್ನು ಚೊಗರೆನ್ನುವರು. ಬೆಂದ ಅಡಿಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡಲು ಅದನ್ನೇ ಲೇಪಿಸುವರು. ಹುಡುಗನು ಎದ್ದು ನಿಂತು ಹೇಳಿದುದರ ಸಾರಾಂಶವಿದು: ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಲ್ಲಿ ಟ್ಯಾನಿನ್ ಎಂಬ ದ್ರವ್ಯಗಳಿರುವುವು. ಅವು ನಮ್ಮ ಎಂಜಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಬಾಯಿಯ ನುಣುಪು ಹೋಗಿ ಒಣಗಿದಂತಾಗುವುದು. ಅಡಿಕೆಯಲ್ಲಿಯೂ ಅದೇ ಜಾತಿಯ ದ್ರವ್ಯಗಳಿವೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮಾಲನ್ನು ವಿಂಗಡಿಸುತ್ತ, ಹೋಳನ್ನು ಕತ್ತರಿಸಿ, ಬಣ್ಣ ನೋಡಿ, ಹಲ್ಲಿಗೆ ಒತ್ತಿ, ಬೆಲೆ ಕಟ್ಟುವ ತಂದೆಯವರು ನಾಲ್ವತ್ತು ವರ್ಷಗಳಿಂದ ಮಾಡುತ್ತಿದ್ದುದೂ ಮಗನು ಮೂರು ವರ್ಷಗಳಿಂದ ಮಾಡುತ್ತಿದ್ದುದೂ ಒಂದೇ ವಿದ್ಯೆ. ತಂದೆಯವರು ಏನೂ ಹೇಳಲಿಲ್ಲ. ಆದರೆ ಟಿಪ್ಪಣಿ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಒಗರು, ಕನರು, ಚೊಗರು ಇವುಗಳ ತಾರತಮ್ಯವನ್ನು ಒಂದೊಂದಾಗಿ ಬರೆಯಿಸತೊಡಗಿದರು.

ಐದನೆಯದು ದಕ್ಷಿಣದ ಅಲೆಂತೇಜೊ ಬಯಲಿನದು; ಬಿಸಿಲಿನ ಸೀಮೆ, ಬೆಂಡಿನ ಓಕ್ ಮರಗಳ ನಾಡು. ಲೋಕದ ಬೆಂಡಿನಲ್ಲಿ ಸುಮಾರು ಅರ್ಧ ಪೋರ್ತುಗಾಲದಿಂದಲೇ ಬರುವುದು. ಮರದ ತೊಗಟೆಯನ್ನು 9 ವರ್ಷಗಳಿಗೊಮ್ಮೆ ಸುಲಿಯುವರು. ಅಲ್ಲಿ ರೋಮನರ ಕಾಲದಿಂದ ಬಂದ ಪದ್ಧತಿಯೊಂದಿದೆ. ನಮ್ಮ ಗುಡಾಣಗಳಿಗಿಂತಲೂ ದೊಡ್ಡದಾದ ಮಣ್ಣಿನ ಪಾತ್ರೆಗಳಲ್ಲಿ ಸಿಪ್ಪೆಯೊಡನೆಯೇ ರಸವನ್ನು ಹುಳಿಯಲು ಬಿಟ್ಟು, ನವಂಬರ್ 11ರ ಸಂತ ಮಾರ್ಟಿನನ ಹಬ್ಬದ ದಿನ ಬಾಯಿ ತೆಗೆಯುವರು. ಮೊದಲ ಮಳೆ ಬಿದ್ದ ನೆಲದ ವಾಸನೆ ಅದರಲ್ಲಿದ್ದಿತು.

ಇಷ್ಟನ್ನು ಬರೆದೆವೆಂದು ನಾವು ಪಾನವನ್ನು ಪ್ರಶಂಸಿಸಿದೆವೆಂದು ಯಾರೂ ಭಾವಿಸಬಾರದು. ಮದ್ಯವು ಎಷ್ಟೇ ಅಲ್ಪವಾದರೂ ಆರೋಗ್ಯಕ್ಕೆ ನಿರಪಾಯವೆನ್ನಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿರುವುದು. ಮದ್ಯದಿಂದ ಹಾಳಾದ ಸಂಸಾರಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ನ್ಯಾಯದ ಮಾತನ್ನು ಆಡುವುದಾದರೆ, ಅಡಿಕೆಯನ್ನೂ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ಯಾನ್ಸರ್‌ಕಾರಕವೆಂದು ಎಣಿಸಿದೆ. ಇದನ್ನು ಮೊದಲು ಎತ್ತಿದವರು ತಂದೆಯವರೇ. “ನನ್ನ ಮಾಲಿನ ಮೇಲೂ ಆ ಮಾತು ಐತಿ. ಹಂಗಂತ ನಾನು ಮೂರು ಹೊತ್ತೂ ಅಡಿಕೆ ಅಗಿಯೋನಲ್ಲ” ಎಂದು ಅವರು ಮೆಲ್ಲನೆ ನುಡಿದರು. ಆ ರಾತ್ರಿ ಅವರ ಮುಖದಲ್ಲಿ ಮೂರು ವರ್ಷಗಳ ಬಿಗಿತ ಸಡಲಿದುದನ್ನು ಕಂಡೆವು.

ಮಾರನೆಯ ದಿನ ನಾವು ಅವರೊಡನೆ ಹರಿಹರಕ್ಕೆ ಹೋದೆವು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಕೈಮುಗಿದು, ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಇದೇ ಹೊಳೆಯು ಮುಂದೆ ಹರಿದು ಹಂಪೆಯನ್ನು ಮುಟ್ಟುವುದು. ಅಲ್ಲಿಗೆ 1520ರ ಸುಮಾರಿಗೆ ಬಂದ ದೊಮಿಂಗೊ ಪಾಯೆಸನೆಂಬ ಪೋರ್ತುಗೀಸನು ವಿಜಯನಗರದ ಪೇಟೆಯ ಹಣ್ಣುಹಂಪಲನ್ನೂ ದ್ರಾಕ್ಷಿಗೊಂಚಲಿನ ಬೆಲೆಯನ್ನೂ ಬರೆದಿಟ್ಟನು. ಪರದೇಶದ ಸಂತೆಯಲ್ಲಿ ಕಣ್ಣು ತೆರೆದು ನಡೆದು, ಕಂಡುದನ್ನು ಕಂಡಂತೆ ಹೇಳುವುದು ಅಂದಿನ ಆ ಯಾತ್ರಿಕನಿಗೂ ಇಂದಿನ ಈ ಹುಡುಗನಿಗೂ ಸಮಾನವಾದ ಕೆಲಸವೆಂದು ನಮಗೆ ತೋರಿತು.

ಹೆಣ್ಣಿನ ಮನೆಯಲ್ಲಿ ಉಪಚಾರಗಳು ಮುಗಿದ ಮೇಲೆ ಉದ್ಯೋಗದ ಪ್ರಶ್ನೆ ಬಂದಿತು. ಸ್ನೇಹಿತರು ಗಂಟಲು ಸರಿಮಾಡಿಕೊಂಡು, ಏನನ್ನೂ ಮುಚ್ಚದೆ, ದ್ರಾಕ್ಷಿಯ ಮದ್ಯ ಮಾಡುವ ಉಗ್ರಾಣದಲ್ಲಿ ರುಚಿ ನೋಡುವ ಕೆಲಸವೆಂದರು. ಪಡಸಾಲೆಯಲ್ಲಿ ಮೌನ ಕವಿಯಿತು. ಮೂಲೆಯಲ್ಲಿ ಎಲೆ ಮಡಿಸುತ್ತಿದ್ದ ಹುಡುಗಿಯ ಅಜ್ಜಿಯು ತಲೆಯೆತ್ತಿ, “ನುಂಗ್ತಾನೋ, ಉಗುಳ್ತಾನೋ?” ಎಂದು ಕೇಳಿದರು.

“ಉಗುಳ್ತಾನ್ರಿ ಅವ್ವಾರೆ. ನನ್ನ ಕಣ್ಣಿಂದ ನೋಡೀನಿ” ಎಂದರು ತಂದೆ.

ಅಜ್ಜಿಯು ಎಲೆಯನ್ನು ಮಡಿಸಿ ಮುಗಿಸಿ, ತಟ್ಟೆಯನ್ನು ಮೊದಲು ಹುಡುಗನ ಮುಂದೆಯೇ ಸರಿಸಿದರು. ಅವನು ಅಡಿಕೆಯ ಹೋಳೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದನು. ಅವನ ತಂದೆಯೂ ಅದೇ ಗಳಿಗೆಯಲ್ಲಿ ಹಾಗೆಯೇ ನೋಡಿದರು.