ಮನೆಯ ಪಾಠದಿಂದ ವಿಶ್ವವಿದ್ಯಾನಿಲಯಕ್ಕೆ

ಶಾಲೆಗೆ ಹೋಗದೆ ಮನೆಯಲ್ಲಿಯೇ ಓದಿದ ವಿದ್ಯಾರ್ಥಿಯೊಬ್ಬನು ವಿಶ್ವವಿದ್ಯಾನಿಲಯದ ಬಾಗಿಲಿಗೆ ಬಂದು ನಿಂತರೆ, ಅಲ್ಲಿನವರು ಕೇಳುವ ಮೊದಲನೆಯ ಪ್ರಶ್ನೆ ‘ನೀನು ಕಲಿತಿರುವುದಕ್ಕೆ ಆಧಾರವೇನು?’ ಎಂಬುದು. ಶಾಲೆಯಲ್ಲಿ ಓದಿದವನ ಕೈಯಲ್ಲಿ ಪ್ರಮಾಣಪತ್ರವಿರುತ್ತದೆ. ಅವನು ಇಂತಿಷ್ಟು ವರ್ಷ, ಇಂತಿಂಥ ವಿಷಯಗಳನ್ನು ಕ್ರಮವಾಗಿ ಅಭ್ಯಾಸಮಾಡಿ ತೇರ್ಗಡೆಯಾಗಿದ್ದಾನೆಂದು ಅದು ಸಾರುತ್ತದೆ. ಮನೆಯಲ್ಲಿ ಕಲಿತವನಿಗೆ ಅಂಥ ಪತ್ರವಿಲ್ಲ. ಅವನ ತಿಳಿವು ಕೆಲವೆಡೆ ಬಹಳ ಆಳವಾಗಿರಬಹುದು. ಕೆಲವೆಡೆ ದೊಡ್ಡ ತೆರವುಗಳೂ ಇರಬಹುದು. ಅದನ್ನು ಅರಿಯಲು ಮೂರು ದಾರಿಗಳುಂಟು: ಬಲ್ಲವರ ಸಾಕ್ಷ್ಯ, ಪರೀಕ್ಷೆ ಮತ್ತು ಅವನು ಸ್ವತಂತ್ರವಾಗಿ ಮಾಡಿ ತೋರಿಸಿದ ಕೆಲಸ. ಈ ಮೂರು ದಾರಿಗಳನ್ನೂ ಒಂದಾದ ಮೇಲೊಂದರಂತೆ ಕ್ರಮಿಸಿ ವಿಶ್ವವಿದ್ಯಾನಿಲಯದ ಅತ್ಯುನ್ನತ ಪದವಿಯನ್ನು ಪಡೆದವಳು ರಷ್ಯದ ಗಣಿತಜ್ಞೆ ಸೋಫಿಯಾ ಕೊವಲೆವ್‌ಸ್ಕಾಯಾ.

ಸೋಫಿಯಾ 1850ರ ಜನವರಿಯಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದಳು. ತಂದೆ ಸೈನ್ಯದ ಫಿರಂಗಿದಳದಲ್ಲಿ ಅಧಿಕಾರಿ. ಅವರು ನಿವೃತ್ತರಾದ ಮೇಲೆ ಕುಟುಂಬವು ಪಲಿಬಿನೊ ಎಂಬ ಹಳ್ಳಿಯ ತನ್ನ ಜಮೀನಿನಲ್ಲಿ ನೆಲೆಸಿತು. ಅಲ್ಲಿನ ದೊಡ್ಡ ಮನೆಯ ಗೋಡೆಗಳಿಗೆಲ್ಲ ಅಲಂಕಾರದ ಕಾಗದವನ್ನು ಅಂಟಿಸುತ್ತಿದ್ದಾಗ ಮಕ್ಕಳ ಕೋಣೆಯೊಂದಕ್ಕೆ ಕಾಗದ ಸಾಲದೆ ಹೋಯಿತು. ತಂದೆ ತಮ್ಮ ತಾರುಣ್ಯದಲ್ಲಿ ಕೊಂಡಿದ್ದ ಒಸ್ತ್ರೊಗ್ರಾದ್‌ಸ್ಕಿ ಎಂಬ ಗಣಿತಜ್ಞನ ಉಪನ್ಯಾಸಗಳ ಹಾಳೆಗಳನ್ನೇ ಆ ಕೋಣೆಯ ಗೋಡೆಗೆ ಅಂಟಿಸಿದರು. ಅವು ಕಲನಶಾಸ್ತ್ರವನ್ನು ಕುರಿತ ಹಾಳೆಗಳು. ಬಾಲಕಿ ಸೋಫಿಯಾ ಆ ಗೋಡೆಯ ಮುಂದೆ ಗಂಟೆಗಟ್ಟಲೆ ನಿಂತು, ಯಾವ ಹಾಳೆಯ ನಂತರ ಯಾವ ಹಾಳೆ ಬರಬೇಕೆಂದು ಹುಡುಕುತ್ತಿದ್ದಳು. ಅರ್ಥವೇನೂ ಆಗುತ್ತಿರಲಿಲ್ಲ. ಆದರೆ ಆ ಸೂತ್ರಗಳ ರೂಪವು ಅವಳ ನೆನಪಿನಲ್ಲಿ ಅಚ್ಚೊತ್ತಿತು.

ಆಕೆಯ ವಿದ್ಯಾಭ್ಯಾಸವು ಮನೆಯಲ್ಲಿಯೇ ನಡೆಯಿತು. ಮಾಲೆವಿಚ್ ಎಂಬ ಉಪಾಧ್ಯಾಯರು ಅಂಕಗಣಿತ, ರೇಖಾಗಣಿತ, ಬೀಜಗಣಿತಗಳ ಮೊದಲ ಪಾಠಗಳನ್ನು ಹೇಳಿದರು. ಹುಡುಗಿಯ ಆಸಕ್ತಿಯು ಮಿತಿಮೀರುತ್ತಿದೆಯೆಂದು ತಂದೆಗೆ ತೋರಿದಾಗ ಗಣಿತದ ಪಾಠವೇ ನಿಂತಿತು. ಆಗ ಆಕೆ ಬೀಜಗಣಿತದ ಪುಸ್ತಕವೊಂದನ್ನು ಎರವಲು ಪಡೆದು, ಮನೆಯವರೆಲ್ಲ ಮಲಗಿದ ಮೇಲೆ ರಾತ್ರಿಯ ಮಂದ ಬೆಳಕಿನಲ್ಲಿ ಓದತೊಡಗಿದಳು.

ಮನೆಯ ಓದಿನ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸುವ ಪ್ರಸಂಗವೊಂದು ಈ ಕಾಲದಲ್ಲಿ ನಡೆಯಿತು. ನೆರೆಯಲ್ಲಿದ್ದ ತೀರ್ತೊವ್ ಎಂಬ ಪ್ರಾಧ್ಯಾಪಕರು ತಾವು ಬರೆದ ಭೌತಶಾಸ್ತ್ರದ ಪಠ್ಯವನ್ನು ಆಕೆಯ ಮನೆಗೆ ಕೊಟ್ಟರು. ಬೆಳಕನ್ನು ಕುರಿತ ಅಧ್ಯಾಯದಲ್ಲಿ ‘ಸೈನ್’ ಎಂಬ ಪದವು ಆಕೆಗೆ ಎದುರಾಯಿತು. ತ್ರಿಕೋನಮಿತಿಯನ್ನು ಆಕೆ ಓದಿರಲಿಲ್ಲ. ಶಾಲೆಯಲ್ಲಿದ್ದರೆ ಆ ಪಾಠವು ಮೊದಲೇ ಆಗಿರುತ್ತಿತ್ತು. ಉಪಾಧ್ಯಾಯರಿಂದಲೂ ವಿವರಣೆ ದೊರೆಯಲಿಲ್ಲ. ಆಗ ಆಕೆ ವೃತ್ತದಲ್ಲಿ ಆ ಕೋನಕ್ಕೆ ಎದುರಾಗಿರುವ ಜ್ಯಾವನ್ನೇ ಸೈನ್ ಎಂದು ಭಾವಿಸಿ ಮುಂದೆ ಓದಿದಳು. ಸೂತ್ರಗಳು ಹೊಂದಿಕೊಂಡವು.

ಇದು ಹೇಗೆ ಸಾಧ್ಯವಾಯಿತು? ತ್ರಿಜ್ಯವು 1 ಆಗಿರುವ ವೃತ್ತದಲ್ಲಿ ಕೇಂದ್ರದ ಬಳಿ 10 ಡಿಗ್ರಿಯ ಕೋನವೊಂದನ್ನು ರಚಿಸಿದರೆ ಅದರ ಎದುರಿನ ಜ್ಯಾದ ಉದ್ದ 0.1743. ಹತ್ತು ಡಿಗ್ರಿಯ ಸೈನ್ ಬೆಲೆಯಾದರೋ 0.1736. ಇವೆರಡಕ್ಕೂ ಇರುವ ಅಂತರ ಅತ್ಯಲ್ಪ. ಕೋನವು 60 ಡಿಗ್ರಿಯಾದರೆ ಜ್ಯಾದ ಉದ್ದ 1, ಸೈನ್ 0.8660, ಅಲ್ಲಿ ಅಂತರವು ಎದ್ದುಕಾಣುತ್ತದೆ. ಆ ಪುಸ್ತಕದಲ್ಲಿದ್ದುವು ಸಣ್ಣ ಕೋನಗಳಾದ್ದರಿಂದ ಆಕೆಯ ಊಹೆಯು ಕೆಲಸಕ್ಕೆ ಬಂದಿತು. ಕೋನವನ್ನು ಇಮ್ಮಡಿಮಾಡಿ ಅದರ ಜ್ಯಾದ ಅರ್ಧವನ್ನು ತೆಗೆದುಕೊಂಡರೆ ಸರಿಯಾದ ಸೈನ್ ದೊರೆಯುತ್ತದೆ. ನಮ್ಮ ಆರ್ಯಭಟನು ಕ್ರಿ.ಶ. 499ರ ತನ್ನ ಗ್ರಂಥದಲ್ಲಿ ಕೊಟ್ಟಿರುವುದು ಈ ಅರ್ಧಜ್ಯಾದ ಲೆಕ್ಕವನ್ನೇ. ಪೂರ್ಣ ಜ್ಯಾದಿಂದ ಅರ್ಧಜ್ಯಾಕ್ಕೆ ಗಣಿತಜ್ಞರು ಸಾಗಿದ ಹಾದಿಯ ಮೊದಲ ಹೆಜ್ಜೆಯನ್ನು ಈ ಹುಡುಗಿ ಯಾರ ನೆರವೂ ಇಲ್ಲದೆ ಇಟ್ಟಿದ್ದಳು.

ತೀರ್ತೊವ್ ಇದನ್ನು ಕಂಡು ಬೆರಗಾದರು; ಈಕೆಗೆ ಉನ್ನತ ಗಣಿತವನ್ನು ಕಲಿಸಬೇಕೆಂದು ತಂದೆಯನ್ನು ಒತ್ತಾಯಿಸಿದರು. ತಂದೆ ಒಪ್ಪಲು ಬಹಳ ಕಾಲ ಹಿಡಿಯಿತು. ಕೊನೆಗೆ ಪೀಟರ್ಸ್‌ಬರ್ಗ್ ನಗರದಲ್ಲಿ ಸ್ತ್ರನ್ನೊಲ್ಯುಬ್‌ಸ್ಕಿ ಎಂಬ ಉಪಾಧ್ಯಾಯರಿಂದ ಕಲನಶಾಸ್ತ್ರದ ಪಾಠ ಆರಂಭವಾಯಿತು. ಹೊಸ ವಿಷಯಗಳನ್ನು ಆಕೆ ಮೊದಲೇ ಬಲ್ಲವಳಂತೆ ಗ್ರಹಿಸುತ್ತಿದ್ದುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಬಾಲ್ಯದ ಗೋಡೆಯ ಮೇಲಿನ ಸೂತ್ರಗಳು ಆ ಗಳಿಗೆಯಲ್ಲಿ ಅವಳ ಕಣ್ಣಮುಂದೆ ಬಂದು ನಿಂತಿದ್ದುವು.

ಇಷ್ಟು ಕಲಿತರೂ ಮುಂದಿನ ಬಾಗಿಲು ಮುಚ್ಚಿತ್ತು. ರಷ್ಯದ ವಿಶ್ವವಿದ್ಯಾನಿಲಯಗಳು 1863ರ ನಿಯಮಾವಳಿಯಿಂದ ಸ್ತ್ರೀಯರಿಗೆ ಪ್ರವೇಶವನ್ನು ನಿರಾಕರಿಸಿದ್ದುವು. ವಿದೇಶಕ್ಕೆ ಹೋಗಬೇಕೆಂದರೆ ಅವಿವಾಹಿತ ಹೆಣ್ಣಿಗೆ ತಂದೆಯ ಒಪ್ಪಿಗೆ ಅಗತ್ಯವಾಗಿತ್ತು. ವಿವಾಹಿತೆಗೆ ಪತಿಯ ಒಪ್ಪಿಗೆ. ಅಂದಿನ ರಷ್ಯದಲ್ಲಿ ಓದಲು ಹಂಬಲಿಸಿದ ಕೆಲವು ತರುಣಿಯರು, ತಮ್ಮನ್ನು ಹೊರದೇಶಕ್ಕೆ ಕರೆದೊಯ್ಯಲು ಒಪ್ಪುವ ಯುವಕರನ್ನು ಹೆಸರಿಗೆ ಮಾತ್ರ ಮದುವೆಯಾಗುತ್ತಿದ್ದರು. ಸೋಫಿಯಾ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, 1868ರಲ್ಲಿ, ವ್ಲಾದಿಮಿರ್ ಕೊವಲೆವ್‌ಸ್ಕಿ ಎಂಬ ವಿದ್ವಾಂಸನನ್ನು ಹೀಗೆಯೇ ವರಿಸಿದಳು. ಮರುವರ್ಷ ಅವರು ಜರ್ಮನಿಯ ಹೈಡೆಲ್‌ಬರ್ಗ್ ನಗರವನ್ನು ಸೇರಿದರು.

ಹೈಡೆಲ್‌ಬರ್ಗಿನಲ್ಲಿಯೂ ಸ್ತ್ರೀಯರ ಹೆಸರನ್ನು ವಿದ್ಯಾರ್ಥಿಗಳ ಪಟ್ಟಿಗೆ ಸೇರಿಸುವ ಪದ್ಧತಿಯಿರಲಿಲ್ಲ. ಆಕೆ ಅಧಿಕಾರಿಗಳ ಬಳಿ ಮತ್ತೆ ಮತ್ತೆ ಮೊರೆಯಿಟ್ಟಳು. ಪ್ರಾಧ್ಯಾಪಕರು ಒಬ್ಬೊಬ್ಬರೂ ಪ್ರತ್ಯೇಕವಾಗಿ ಒಪ್ಪಿದರೆ ಅವರವರ ಉಪನ್ಯಾಸಗಳಿಗೆ ಕುಳಿತುಕೊಳ್ಳಬಹುದೆಂದು ಕಡೆಗೆ ತೀರ್ಮಾನವಾಯಿತು. ಹೀಗೆ ಆಕೆ ಕಿರ್ಖಾಫ್, ಹೆಲ್ಮ್‌ಹೋಲ್ಟ್ಸ್ ಮೊದಲಾದ ಖ್ಯಾತ ವಿಜ್ಞಾನಿಗಳ ಪಾಠಗಳನ್ನು ಕೇಳಿದಳು. ಗಣಿತದ ಪ್ರಾಧ್ಯಾಪಕರಾದ ಕ್ಯೋನಿಗ್ಸ್‌ಬರ್ಗರ್ ಆಕೆಯ ಪ್ರತಿಭೆಯನ್ನು ಮೆಚ್ಚಿಕೊಂಡರು. ಪ್ರಮಾಣಪತ್ರವಿಲ್ಲದ ಆಕೆಗೆ ದೊರೆತ ಮೊದಲನೆಯ ಆಧಾರ ಇದು: ಬಲ್ಲವರ ಸಾಕ್ಷ್ಯ.

ಆಕೆ 1870ರಲ್ಲಿ ಬರ್ಲಿನ್ ನಗರಕ್ಕೆ ಹೋದಳು. ಕ್ಯೋನಿಗ್ಸ್‌ಬರ್ಗರ್ ಅವರ ಗುರುಗಳೂ ಯೂರೋಪಿನ ಅಗ್ರಗಣ್ಯ ಗಣಿತಜ್ಞರೂ ಆದ ವೈಯರ್‌ಸ್ಟ್ರಾಸ್ ಅಲ್ಲಿದ್ದರು. ಎದುರು ನಿಂತ ತರುಣಿಯ ಯೋಗ್ಯತೆಯನ್ನು ಅಳೆಯಲು ಅವರು ತಮ್ಮ ಮುಂದುವರಿದ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ್ದ ಕಠಿಣ ಸಮಸ್ಯೆಗಳನ್ನು ಕೊಟ್ಟು ಕಳುಹಿಸಿದರು. ಒಂದು ವಾರದ ಬಳಿಕ ಆಕೆ ಅವನ್ನೆಲ್ಲ ಬಿಡಿಸಿಕೊಂಡು ಬಂದಳು. ಉತ್ತರಗಳು ಸರಿಯಾಗಿದ್ದುವು, ವಿಧಾನವೂ ಸ್ವತಂತ್ರವಾಗಿತ್ತು. ಇದು ಎರಡನೆಯ ಆಧಾರ, ಪರೀಕ್ಷೆ. ಆದರೂ ಬರ್ಲಿನ್ ವಿಶ್ವವಿದ್ಯಾನಿಲಯವು ಆಕೆಯನ್ನು ಉಪನ್ಯಾಸಗಳಿಗೆ ಸಹ ಬಿಟ್ಟುಕೊಳ್ಳಲಿಲ್ಲ. ಗುರುಗಳು ತರಗತಿಯಲ್ಲಿ ಹೇಳಿದ ಪಾಠವನ್ನು ನಾಲ್ಕು ವರ್ಷಗಳ ಕಾಲ ಆಕೆಗೆ ಪ್ರತ್ಯೇಕವಾಗಿ ಹೇಳಿಕೊಟ್ಟರು. ಮನೆಯಲ್ಲಿ ಆರಂಭವಾದ ಶಿಕ್ಷಣವು ವಿಶ್ವವಿದ್ಯಾನಿಲಯದ ಮಟ್ಟದಲ್ಲಿಯೂ ಮನೆಯಲ್ಲಿಯೇ ಮುಂದುವರಿಯಿತು.

ಮೂರನೆಯ ಆಧಾರವನ್ನು ಆಕೆ ತಾನೇ ನಿರ್ಮಿಸಿದಳು. 1874ರ ವೇಳೆಗೆ ಆಕೆ ಮೂರು ಸಂಶೋಧನ ಪ್ರಬಂಧಗಳನ್ನು ಸಿದ್ಧಪಡಿಸಿದಳು: ಒಂದು ಆಂಶಿಕ ಅವಕಲ ಸಮೀಕರಣಗಳನ್ನು ಕುರಿತದ್ದು, ಇನ್ನೊಂದು ಆಬೇಲಿಯನ್ ಅನುಕಲಗಳನ್ನು ಕುರಿತದ್ದು, ಮತ್ತೊಂದು ಶನಿಗ್ರಹದ ಬಳೆಗಳ ಆಕಾರವನ್ನು ಕುರಿತದ್ದು. ವೈಯರ್‌ಸ್ಟ್ರಾಸ್ ಇವುಗಳನ್ನು ಗಟಿಂಗೆನ್ ವಿಶ್ವವಿದ್ಯಾನಿಲಯದ ಮುಂದಿಡಿಸಿದರು. ಅಭ್ಯರ್ಥಿಯು ಸ್ವತಃ ಹಾಜರಿಲ್ಲದಿದ್ದರೂ ಕೃತಿಯನ್ನು ನೋಡಿ ಪದವಿ ನೀಡುವ ಅವಕಾಶ ಅಲ್ಲಿತ್ತು. ಮೌಖಿಕ ಪರೀಕ್ಷೆಯಿಲ್ಲದೆಯೇ, ಅತ್ಯುಚ್ಚ ಪ್ರಶಂಸೆಯೊಡನೆ, ಆಕೆಗೆ ಡಾಕ್ಟರೇಟ್ ಪ್ರಾಪ್ತವಾಯಿತು. ಆಧುನಿಕ ಯೂರೋಪಿನಲ್ಲಿ ಗಣಿತಶಾಸ್ತ್ರದಲ್ಲಿ ಆ ಪದವಿಯನ್ನು ಪಡೆದ ಮೊದಲ ಮಹಿಳೆ ಆಕೆ.

ಪದವಿ ಬಂದರೂ ಉದ್ಯೋಗ ಬರಲಿಲ್ಲ. ಅನೇಕ ವರ್ಷಗಳ ನಿರಾಶೆಯ ಬಳಿಕ, ವೈಯರ್‌ಸ್ಟ್ರಾಸರ ಇನ್ನೊಬ್ಬ ಶಿಷ್ಯರಾದ ಮಿಟಾಗ್-ಲೆಫ್ಲರ್ ಅವರ ಪ್ರಯತ್ನದಿಂದ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಬೋಧಿಸುವ ಅವಕಾಶ ದೊರೆಯಿತು. 1889ರಲ್ಲಿ ಆಕೆ ಅಲ್ಲಿ ಶಾಶ್ವತ ಪ್ರಾಧ್ಯಾಪಕಿಯಾದಳು. ಅದರ ಹಿಂದಿನ ವರ್ಷ, ತಿರುಗುವ ಘನವಸ್ತುವಿನ ಚಲನೆಯನ್ನು ಕುರಿತ ಆಕೆಯ ಪ್ರಬಂಧಕ್ಕೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಬೋರ್ಡಿನ್ ಬಹುಮಾನವನ್ನಿತ್ತಿತ್ತು. ಬರೆದವರ ಹೆಸರನ್ನು ಮರೆಮಾಡಿ ಪ್ರಬಂಧಗಳನ್ನು ಪರಿಶೀಲಿಸುವುದು ಆ ಸ್ಪರ್ಧೆಯ ಕ್ರಮ. ಕೃತಿಯ ಗುಣವನ್ನು ಕಂಡು ಬಹುಮಾನದ ಮೊತ್ತವನ್ನು 3000 ಫ್ರಾಂಕುಗಳಿಂದ 5000ಕ್ಕೆ ಏರಿಸಲಾಯಿತು. 1891ರ ಫೆಬ್ರವರಿಯಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಸೋಫಿಯಾಳ ಕಥೆಯನ್ನು ಓದಿ ಮನೆಯ ಪಾಠವೊಂದೇ ಸಾಕೆಂದು ತಿಳಿಯುವುದು ಸರಿಯಲ್ಲ. ಆಕೆಗೆ ಪುಸ್ತಕಗಳಿದ್ದುವು, ಉಪಾಧ್ಯಾಯರಿದ್ದರು, ಓದಲು ಬಿಡುವಿತ್ತು. ಅಂದಿನ ರಷ್ಯದ ಬಹುಪಾಲು ರೈತರ ಮಕ್ಕಳಿಗೆ ಅಕ್ಷರವೇ ದುರ್ಲಭವಾಗಿತ್ತು. ಅಂಥ ಮಕ್ಕಳಲ್ಲಿ ಎಷ್ಟು ಪ್ರತಿಭೆ ಅರಳದೆ ಬಾಡಿತೋ ಹೇಳಬಲ್ಲವರಾರು? ಎಲ್ಲರಿಗೂ ತೆರೆದ ಶಾಲೆಯ ಮಹತ್ವ ಇಲ್ಲಿದೆ. ಅದರೊಡನೆ, ಶಾಲೆಯ ಹೊರಗೆ ಕಲಿತವರಿಗೂ ತಮ್ಮ ತಿಳಿವನ್ನು ತೋರಿಸುವ ನ್ಯಾಯವಾದ ದಾರಿಯೊಂದು ಬೇಕು. ನಮ್ಮ ದೇಶದಲ್ಲಿ 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯೆಂದು ಸ್ಥಾಪಿತವಾಗಿ, 2002ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆಂಬ ಹೆಸರು ಪಡೆದ ಸಂಸ್ಥೆಯು ಅಂಥದೊಂದು ದಾರಿ. ನಿತ್ಯವೂ ತರಗತಿಗೆ ಹೋಗಲಾಗದವರು ಅದರ ಪರೀಕ್ಷೆಗಳಿಗೆ ಕುಳಿತು ಪ್ರಮಾಣಪತ್ರವನ್ನು ಪಡೆದು ಉನ್ನತ ಶಿಕ್ಷಣಕ್ಕೆ ಮುಂದುವರಿಯಬಹುದು.

ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವು 1900ರಲ್ಲಿಯೂ ಬರ್ಲಿನ್ ವಿಶ್ವವಿದ್ಯಾನಿಲಯವು 1908ರಲ್ಲಿಯೂ ಸ್ತ್ರೀಯರನ್ನು ವಿದ್ಯಾರ್ಥಿಗಳ ಪಟ್ಟಿಗೆ ಸೇರಿಸಿಕೊಂಡವು. ಅದನ್ನು ನೋಡಲು ಸೋಫಿಯಾ ಬದುಕಿರಲಿಲ್ಲ. ಆ ಎರಡು ವಿದ್ಯಾಲಯಗಳ ಪಟ್ಟಿಯಲ್ಲಿಯೂ ಆಕೆಯ ಹೆಸರು ವಿದ್ಯಾರ್ಥಿನಿಯಾಗಿ ದಾಖಲಾಗಲಿಲ್ಲ. ಆದರೆ ಆಕೆಯ ಮೊದಲನೆಯ ಪ್ರಬಂಧದಲ್ಲಿ ಸಾಧಿಸಲಾದ ಪ್ರಮೇಯವು ‘ಕೋಶಿ–ಕೊವಲೆವ್‌ಸ್ಕಾಯಾ ಪ್ರಮೇಯ’ವೆಂಬ ಹೆಸರಿನಿಂದ ಇಂದು ಜಗತ್ತಿನ ವಿಶ್ವವಿದ್ಯಾನಿಲಯಗಳಲ್ಲಿ ಪಾಠವಾಗಿದೆ.